ಎಡೆಗೆ ಇಟ್ಟ ನೀರು

ಲಕ್ಷ್ಮೀದೇವಿ ಮೇಜಿಗೆ ಬಂದು ಕೂತವಳೇ ತನ್ನ ಮುಂದಿದ್ದ ಗಾಜಿನ ಲೋಟವನ್ನು ಬೋರಲು ಹಾಕಿದಳು. ಹಡಗು ಹತ್ತಿ ನಾಲ್ಕು ದಿನವಾಗಿತ್ತು. ನಾಲ್ಕು ದಿನವೂ ತಿಂಡಿಗೆ, ಮಧ್ಯಾಹ್ನದ ಊಟಕ್ಕೆ, ಸಂಜೆಯ ಊಟಕ್ಕೆ ಬಂದು ಕೂತಾಗ ಅವಳು ಮಾಡುತ್ತಿದ್ದ ಮೊದಲ ಕೆಲಸ ಇದೇ. ಮಿಲಾನ್ ಎನ್ನುವ ಸಪ್ಲೈಯರ್, ಕಿವಿಯ ಬಳಿ ಕೂದಲು ನರೆತ ಎತ್ತರದ ಮನುಷ್ಯ, ನಾಲ್ಕು ದಿನವೂ ನಗುತ್ತ ಬಂದು ಆ ಲೋಟವನ್ನು ನೆಟ್ಟಗೆ ನಿಲ್ಲಿಸಿ, ಗ್ಯಾಸಿನ ನೀರೋ ಸಾದಾ ನೀರೋ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಾದಾ ನೀರನ್ನೇ ಅಂಚಿನವರೆಗೆ ಸುರಿದು ಹೋಗುತ್ತಿದ್ದ. ಅವನದೇನೂ ತಪ್ಪಿಲ್ಲ. ಕೇಳುವ ಮುಂಚೆ ಕೊಡುವುದೇ ಇಲ್ಲಿಯ ಮರ್ಯಾದೆ. ಒಂದು ಗುಟುಕು ಕಡಿಮೆಯಾದರೆ ಸಾಕು, ಎಲ್ಲಿಂದಲೋ ಜಗ್ಗು ಹಿಡಿದು ಪ್ರತ್ಯಕ್ಷನಾಗುತ್ತಾನೆ. ತುಂಬಿದ ಲೋಟ ಎದುರಿಗಿದ್ದರೆ ಈ ಹೆಂಗಸಿಗೆ ತುತ್ತು ಇಳಿಯುವುದಿಲ್ಲ ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು? "ಅಕ್ಕ, ನೀವು ನೀರೇ ಮುಟ್ಟಲ್ವಲ್ಲ, ಮೈಗೆ ಹೀಟ್ ಆಗುತ್ತೆ," ಎಂದಳು ಪಕ್ಕದಲ್ಲಿದ್ದ ಭುವನಾ. ಕೊರಟಗೆರೆಯಲ್ಲಿ ಡ್ರಿಪ್ ಪೈಪಿನ ಅಂಗಡಿ ನಡೆಸುವ ಈ ಚುರುಕು ಹುಡುಗಿಯನ್ನೇ ಹಡಗಿನ ರೂಮಿನಲ್ಲಿ ಅವಳ ಜೊತೆಗೆ ಹಾಕಿದ್ದರು. "ರೂಮಲ್ಲೇ ಕುಡುದು ಬಂದೆ ಕಣಮ್ಮ," ಎಂದಳು ಲಕ್ಷ್ಮೀದೇವಿ. ಅದು ಸುಳ್ಳಲ್ಲ. ಬಚ್ಚಲ ಬಾಗಿಲು ಹಾಕಿಕೊಂಡು, ನಲ್ಲಿಗೆ ಬೊಗಸೆ ಒಡ್ಡಿ, ಸದ್ದಾಗದಂತೆ ಕುಡಿದು ಬಂದಿದ್ದಳು. ಹಾಗೆ ಕುಡಿಯುವಾಗ ಕನ್ನಡಿಯಲ್ಲಿ ತನ್ನ ಮುಖವನ್ನು ನೋಡಿಕೊಳ್ಳುತ್ತಿರಲಿಲ್ಲ.

ಇವತ್ತು ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ತಲೆಯಲ್ಲಿ ಅದೊಂದೇ ಸುತ್ತುತ್ತಿತ್ತು. ಮುಂದೆ ತಟ್ಟೆಯಲ್ಲಿ ತಣ್ಣನೆಯ ಚೀಸು, ಕಪ್ಪು ಬ್ರೆಡ್ಡು, ಹೆಬ್ಬೆರಳಿನಷ್ಟು ಜಾಮಿನ ಬಾಟಲಿ. ಕಿಟಕಿಯಾಚೆ ಡ್ಯಾನ್ಯೂಬ್ ನದಿ, ಬೂದು ಬಣ್ಣದ ನೀರು ದಡದಿಂದ ದಡಕ್ಕೆ ತುಂಬಿಕೊಂಡು, ಯಾರಿಗೂ ಏನೂ ಕೊಡಬೇಕಾಗಿಲ್ಲ ಎನ್ನುವಂತೆ ಹರಿಯುತ್ತಿತ್ತು. ಕಳ್ಳಂಬೆಳ್ಳದ ಮನೆಯಲ್ಲಿ ಇಷ್ಟೊತ್ತಿಗೆ ಹನ್ನೊಂದೂವರೆ. ಮೈದುನನ ಹೆಂಡತಿ ಕಜ್ಜಾಯಕ್ಕೆ ಎಣ್ಣೆ ಇಟ್ಟಿರುತ್ತಾಳೆ, ಮೈದುನ ಮಾಂಸ ತಂದು ಹಿತ್ತಲಲ್ಲಿ ಕೊಟ್ಟಿರುತ್ತಾನೆ, ಅತ್ತೆ ಹನುಮಕ್ಕ ಕಂಬಕ್ಕೆ ಒರಗಿ ಕೂತು ಎಲ್ಲರನ್ನೂ ಬೈಯುತ್ತಿರುತ್ತಾಳೆ. ಸತ್ತವರಿಗೆ ವರ್ಷ ತುಂಬುವ ಮುಂಚೆ ಹಿರಿಯರ ಹಬ್ಬದಲ್ಲಿ ಎಡೆಯಿಲ್ಲ. ರಂಗರಾಜು ಹೋಗಿದ್ದು ಹೋದ ವರ್ಷದ ಆಷಾಢದಲ್ಲಿ. ಹಾಗಾಗಿ ಅವನು ಹಿರಿಯರ ಸಾಲಿನಲ್ಲಿ ಕೂತು ಉಣ್ಣುವುದು ಈ ಸಲವೇ ಮೊದಲು. ಅಂಥ ದಿನದಲ್ಲಿ ಅವನ ಹೆಂಡತಿ ಗಾಜಿನ ಬಾಗಿಲುಗಳ ಈ ಹಡಗಿನಲ್ಲಿ, ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು, ಬೇಯಿಸಿದ ಮೊಟ್ಟೆಯ ನೆತ್ತಿಯನ್ನು ಪುಟ್ಟ ಚಮಚದಿಂದ ಬಡಿಯುತ್ತ ಕೂತಿದ್ದಳು. ನಾಚಿಕೆಯಾಯಿತು. ನಾಚಿಕೆಯಾದರೂ ಮೊಟ್ಟೆ ತಿಂದಳು, ಹಸಿವಾಗಿತ್ತು.

ಈ ಪ್ರಯಾಣ ಅವಳದಲ್ಲ, ಅವನದು; ಅವನು ಹೋದ ಮೇಲೆ ಕಂಪನಿಯವರು ಅವನ ಸೀಟನ್ನು ಅವಳಿಗೇ ಕೊಟ್ಟಿದ್ದರು. ಪೈಪು ಕಂಪನಿಯವರು ಗುರಿ ಮುಟ್ಟಿದ ಡೀಲರುಗಳನ್ನು ಗಂಡಹೆಂಡತಿ ಸಮೇತ ಯುರೋಪಿನ ನದಿಯ ಮೇಲೆ ಎಂಟು ದಿನ ಕರೆದುಕೊಂಡು ಹೋಗುತ್ತೇವೆ ಎಂದಾಗ ಶಿರಾದ ಅಂಗಡಿಯಲ್ಲಿ ರಂಗರಾಜು ಕುಣಿದಾಡಿಬಿಟ್ಟಿದ್ದ. ಆಗಲೇ ಕಿಡ್ನಿ ಕೈಕೊಟ್ಟು ವಾರಕ್ಕೆರಡು ದಿನ ತುಮಕೂರಿಗೆ ಡಯಾಲಿಸಿಸ್‌ಗೆ ಹೋಗಿ ಬರುತ್ತಿದ್ದವನು, ಹಡಗಿನಲ್ಲಿ ಆ ಮೆಷಿನ್ ಇರುತ್ತದೋ ಇಲ್ಲವೋ ಎಂದು ಡಾಕ್ಟರನ್ನೇ ಕೇಳಿದ್ದ. ಟೈಲರ್ ಹತ್ತಿರ ನೀಲಿ ಸೂಟು ಹೊಲಿಸಿದ. ಒಂದು ಸಂಜೆ ಫೋರ್ಕು ಚಾಕು ಕೊಂಡುತಂದು, ಮುದ್ದೆಯನ್ನು ಅದರಲ್ಲಿ ಕೊಯ್ದು ತಿನ್ನಲು ಹೋಗಿದ್ದ; ಮುದ್ದೆ ಫೋರ್ಕಿಗೆ ಕಚ್ಚಿಕೊಂಡು ಬರದಿದ್ದಾಗ ತಾಯಿ ಹನುಮಕ್ಕ "ಅದೇನ್ಲಾ ಅದು, ಗದ್ದೆ ಕೆಸರು ತೆಗೆದಂಗೆ ತೆಗೀತಿದೀಯ," ಎಂದು ಬಿದ್ದುಬಿದ್ದು ನಕ್ಕಿದ್ದಳು. ಅವನೂ ನಕ್ಕಿದ್ದ. ಆಮೇಲೆ ಲೋಟದ ಕಡೆ ಕೈ ಚಾಚಿದ್ದ. ಲಕ್ಷ್ಮೀದೇವಿ ಲೋಟವನ್ನು ಈಚೆಗೆ ಸರಿಸಿದ್ದಳು. ದಿನಕ್ಕೆ ಮುಕ್ಕಾಲು ಲೀಟರು, ಅಷ್ಟೇ. ಅದರೊಳಗೇ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು. ಡಾಕ್ಟರು ಹೇಳಿದ್ದನ್ನು ಅವಳು ದೇವರ ಮಾತಿನಂತೆ ಹಿಡಿದಳು. ಬೆಳಿಗ್ಗೆ ಬಾಟಲಿಗೆ ಅಳೆದು ತುಂಬಿ ಬೀರುವಿನಲ್ಲಿಟ್ಟು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಒಂದು ದಿನ ಅಂಗಡಿಯ ಹಿಂದಿನ ನಲ್ಲಿಗೆ ಬಾಯಿ ಹಚ್ಚಿ ಕುಡಿಯುತ್ತಿದ್ದವನನ್ನು ಗಿರಾಕಿಗಳ ಎದುರಿಗೇ ಹಿಡಿದು, "ನಿಮ್ಗೆ ನಾಚ್ಕೆ ಆಗಲ್ವ," ಎಂದು ಕೂಗಿ, ಕೈಯ ಮೇಲೆ ಹೊಡೆದಿದ್ದಳು. ಐವತ್ತಾರು ವರ್ಷದ ಗಂಡಸು ಗಡ್ಡದಿಂದ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ. ಅಂಗಿ ತೋಳಿನಿಂದ ಬಾಯಿ ಒರೆಸಿಕೊಂಡು ಗಿರಾಕಿಗೆ ಮೋಟಾರಿನ ಬೆಲೆ ಹೇಳಲು ಹೋದ.

ಆದರೆ ಅದಲ್ಲ. ಅದಕ್ಕೆಲ್ಲ ಮನಸ್ಸು ಒಂದು ಸಮಾಧಾನ ಹುಡುಕಿಕೊಂಡಿತ್ತು: ಉಳಿಸಿಕೊಳ್ಳುವುದಕ್ಕೆ ಮಾಡಿದೆ. ಸಮಾಧಾನ ಸಿಗದೆ ಹೋಗಿದ್ದು ಆ ಬೆಳಗಿನ ಜಾವದ್ದು. ಎದೆ ಹಿಡಿದುಕೊಂಡಿದೆ, ಉಸಿರು ಸಿಗುತ್ತಿಲ್ಲ ಎಂದು ಅವನು ಎದ್ದು ಕೂತಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಮೈದುನ ಕಾರು ತೆಗೆದ. ಹಿಂದಿನ ಸೀಟಿನಲ್ಲಿ ಅವನ ತಲೆ ಅವಳ ತೊಡೆಯ ಮೇಲಿತ್ತು. ಹೆದ್ದಾರಿಯ ಟೋಲ್ ಬಳಿ ಲಾರಿಗಳ ಸಾಲು ನಿಂತಿದ್ದಾಗ ಅವನು ಕಣ್ಣು ತೆರೆದು, "ಒಂದ್ ಗುಟುಕು ನೀರು ಕೊಡೆ," ಎಂದ. ಕಾರಿನ ಬಾಗಿಲಿನ ಜೇಬಿನಲ್ಲಿ ಮೈದುನನ ನೀರಿನ ಬಾಟಲಿ ಇತ್ತು. ಅವಳ ಮೊಣಕೈಗೆ ತಾಗುತ್ತಿತ್ತು. ಅವಳು, "ಆಸ್ಪತ್ರೆಗೆ ಹೋದ್ಮೇಲೆ ಡಾಕ್ಟ್ರನ್ನ ಕೇಳಿ ಕೊಡ್ತೀನಿ, ಸುಮ್ನಿರಿ," ಎಂದಳು. ಅವನು ಸುಮ್ಮನಾದ. ಲಾರಿಗಳು ಮುಂದಕ್ಕೆ ಸರಿದವು. ಸೀಬಿ ದಾಟುವ ಹೊತ್ತಿಗೆ ತೊಡೆಯ ಮೇಲಿನ ತಲೆಯ ಭಾರ ಬೇರೆಯದಾಗಿತ್ತು. ಮಧ್ಯಾಹ್ನ ಹೆಣ ಮನೆಗೆ ತಂದಾಗ ಹನುಮಕ್ಕ ಎದೆ ಬಡಿದುಕೊಂಡು ಅಳಲಿಲ್ಲ, ಸೊಸೆಯ ಕೈ ಹಿಡಿದು, ಮುಖಕ್ಕೆ ಮುಖ ತಂದು, ಒಂದೇ ಮಾತು ಕೇಳಿದಳು: "ಕೊನೆಗೆ ಬಾಯಿಗೆ ನೀರು ಬುಟ್ಟೇನಮ್ಮ?" ಜನ ಸುತ್ತ ನಿಂತಿದ್ದರು. ಲಕ್ಷ್ಮೀದೇವಿ, "ಬುಟ್ಟೆ ಅತ್ತೆ, ಕಾರಲ್ಲಿ ಬಾಟ್ಲಿ ಇತ್ತು," ಎಂದಳು. ಮುದುಕಿ ಕೈ ಬಿಟ್ಟಳು. ಅಂದಿನಿಂದ ಇಂದಿನವರೆಗೆ ಆ ಮಾತು ಮತ್ತೆ ಎತ್ತಿಲ್ಲ. ಪ್ರಾಣ ಬಿಡುವವರ ಬಾಯಿಗೆ ನೀರು ಬೀಳದಿದ್ದರೆ ಅವರು ಬಾಯಾರಿಕೆಯನ್ನೇ ಹೊತ್ತುಕೊಂಡು ತಿರುಗುತ್ತಾರೆ ಎಂದು ಚಿಕ್ಕವಳಿದ್ದಾಗಿನಿಂದ ಕೇಳಿಕೊಂಡು ಬಂದವಳು ಅವಳು. ಮೈದುನ ಎಡೆ ಇಡುತ್ತಾನೆ, ಪಕ್ಕದಲ್ಲಿ ಚೊಂಬಿನ ತುಂಬ ನೀರೂ ಇಡುತ್ತಾನೆ, ಅದು ಬೇರೆ. ಬೇಡ ಎಂದ ಕೈಯೇ ಕೊಡಬೇಕು. ಇವತ್ತು ಕೊಡದಿದ್ದರೆ ಮತ್ತೆ ಒಂದು ವರ್ಷ.

ಮಧ್ಯಾಹ್ನದ ಊಟಕ್ಕೆ ಬಗೆಬಗೆಯದನ್ನು ಸಾಲಾಗಿ ಇಟ್ಟಿರುತ್ತಾರೆ, ಬೇಕಾದ್ದನ್ನು ಬಡಿಸಿಕೊಳ್ಳಬೇಕು. ಉದ್ದನೆಯ ಮೀನು ಇಡಿಯಾಗಿ ಮಲಗಿತ್ತು. ಎಲೆಗಳ ರಾಶಿಯ ಮೇಲೆ ಎಣ್ಣೆ, ಹುಳಿ, ಚೂರು ಬ್ರೆಡ್ಡು. ಬಿಳಿ ಟೋಪಿಯವನು ಹಂದಿಯ ತೊಡೆಯನ್ನು ಕಾಗದದಷ್ಟು ತೆಳ್ಳಗೆ ಕೊಯ್ದು ಕೊಡುತ್ತಿದ್ದ. ಕೊನೆಯಲ್ಲಿ, ಕಂಪನಿ ಹೇಳಿ ಮಾಡಿಸಿದ ನಮ್ಮವರ ಪಾತ್ರೆ, ಅದರಲ್ಲಿ ಉದ್ದಕ್ಕಿ ಅನ್ನ, ಅರಿಶಿನವೇ ಹೆಚ್ಚಾದ ಬೇಳೆ, ಉಪ್ಪು ಖಾರ ಎರಡೂ ಅನುಮಾನ. ನಮ್ಮ ಕಡೆಯ ಡೀಲರುಗಳು ಅದರ ಮೇಲೆ ಚಟ್ನಿಪುಡಿ ಸುರಿದುಕೊಂಡು, ಮಜ್ಜಿಗೆ ಇಲ್ಲವಲ್ಲ ಎಂದು ದಿನಾ ಅದೇ ಗೋಳು ಹೇಳಿಕೊಂಡು ಉಣ್ಣುತ್ತಿದ್ದರು. ಮೊದಲ ದಿನ ಅವಳು ಸಾರು ಎಂದುಕೊಂಡು ಒಂದು ಬಟ್ಟಲನ್ನು ಅನ್ನಕ್ಕೆ ಸುರಿದುಕೊಂಡಿದ್ದಳು. ಅದು ಕೇಕಿಗೆ ಹಾಕುವ ವೆನಿಲ್ಲಾ ಹಾಲು. ಎದುರಿನ ಮೇಜಿನ ಬಿಳಿ ಕೂದಲ ಹೆಂಗಸೊಬ್ಬಳು ನೋಡಿ ಕಣ್ಣು ತಗ್ಗಿಸಿದ್ದಳು. ಆ ಕಣ್ಣು ತಗ್ಗಿಸಿದ್ದೇ ನಕ್ಕಿದ್ದಕ್ಕಿಂತ ಹೆಚ್ಚು ಚುಚ್ಚಿತ್ತು. ಇವತ್ತು ಅವಳಿಗೆ ಅಂಥ ಯೋಚನೆಗಳಿಗೆ ಪುರುಸೊತ್ತಿರಲಿಲ್ಲ. ತಟ್ಟೆಯ ಮಧ್ಯಕ್ಕೆ ಅನ್ನ ಹಾಕಿಸಿಕೊಂಡಳು. ಅವನಿಗೆ ಕೋಳಿಯ ಕಾಲು ಇಷ್ಟ, ಎರಡು ಹಾಕಿಕೊಂಡಳು. ಬೇಯಿಸಿದ ಮೊಟ್ಟೆ. ಹಂದಿ ಬೇಡ, ಬಾಡೂಟ ಎಂದರೆ ಪ್ರಾಣ ಬಿಡುತ್ತಿದ್ದರೂ ಅದೊಂದು ತಿನ್ನುತ್ತಿರಲಿಲ್ಲ. ಮೀನಿನದೊಂದು ತುಂಡು. ತಟ್ಟೆ ಎತ್ತಿಕೊಂಡು ಬಾಗಿಲ ಕಡೆ ನಡೆದಾಗ ಕಂಪನಿಯ ಅಧಿಕಾರಿ ರಂಗೇಶ್ ಕುರ್ಚಿಯಿಂದ ಅರ್ಧ ಎದ್ದು, "ಲಕ್ಷ್ಮೀದೇವಮ್ಮ, ತಟ್ಟೆ ರೂಮಿಗೆ ತಗೊಂಡೋಗೋ ಹಂಗಿಲ್ಲ, ಇವರು ಬೇಜಾರು ಮಾಡ್ಕೋತಾರೆ," ಎಂದ. ಭುವನಾ ತಕ್ಷಣ, "ಬಿಡಿ ಸರ್, ಅವ್ರಿಗೆ ಹುಷಾರಿಲ್ಲ," ಎಂದಳು. ಎಡೆಯ ವಿಷಯ ಅವಳಿಗೆ ಗೊತ್ತಿತ್ತು, ನೀರಿನ ವಿಷಯ ಗೊತ್ತಿರಲಿಲ್ಲ.

ರೂಮಿನ ಬಾಗಿಲು ಹಾಕಿಕೊಂಡು ಅವಳು ಮೊದಲು ಮುಖ ತೊಳೆದಳು. ಕಿಟಕಿಯ ಪಕ್ಕದ ಪುಟ್ಟ ಮೇಜನ್ನು ಪೂರ್ವಕ್ಕೆ ತಿರುಗಿಸಬೇಕಿತ್ತು; ಹಡಗು ತಿರುಗಿದಂತೆ ಪೂರ್ವವೂ ತಿರುಗುತ್ತದೆ, ಏನು ಮಾಡುವುದು? ಕೊನೆಗೆ ನದಿಯ ಕಡೆಗೇ ಇರಲಿ ಎಂದು ಬಿಟ್ಟಳು. ಸೂಟ್‌ಕೇಸಿನ ತಳದಿಂದ ಮುತ್ತುಗದ ಎಲೆ ತೆಗೆದು ಹಾಸಿದಳು. ಅನ್ನ, ಕೋಳಿ, ಮೊಟ್ಟೆ, ಮೀನು. ಊರಿಂದ ಕಟ್ಟಿಕೊಂಡು ಬಂದ ಕಜ್ಜಾಯ. ಒಂದು ಕಟ್ಟು ಬೀಡಿ. ಅವನ ಫೋಟೋ ಹಿಂದಕ್ಕೆ ಒರಗಿಸಿ, ನೀಲಿ ಸೂಟಿನ ಕೋಟನ್ನು ಕುರ್ಚಿಯ ಬೆನ್ನಿಗೆ ಹಾಕಿದಳು. ಮಡಿಕೆ ಬಿದ್ದಿತ್ತು, ಕೈಯಿಂದ ತಿಕ್ಕಿ ಸರಿ ಮಾಡಿದಳು. ಕೊನೆಗೆ ನೀರು. ಮೇಜಿನ ಮೇಲೆ ಎರಡು ಉದ್ದನೆಯ ಗಾಜಿನ ಲೋಟಗಳಿದ್ದವು. ಒಂದನ್ನು ತೊಳೆದು, ಅಂಚಿನವರೆಗೆ ತುಂಬಿ, ಎರಡೂ ಕೈಯಲ್ಲಿ ಹಿಡಿದು ಎಲೆಯ ಬಲಕ್ಕೆ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಏನಾದರೂ ಹೇಳಬೇಕೆನಿಸಿತು. ಬೆಳಗಿನಿಂದ ಎಷ್ಟೋ ಮಾತು ಜೋಡಿಸಿಕೊಂಡಿದ್ದಳು, ಈಗ ಒಂದೂ ಬರಲಿಲ್ಲ. "ಕುಡೀರಿ," ಎಂದಳು. "ಎಷ್ಟ್ ಬೇಕೋ ಅಷ್ಟು ಕುಡೀರಿ. ನಾನ್ ಏನೂ ಅನ್ನಲ್ಲ." ಅಳು ಬಂತು. ತಡೆದುಕೊಳ್ಳಲಿಲ್ಲ.

ಧೂಪವಿಲ್ಲದೆ ಹಿರಿಯರು ಬರುವುದಿಲ್ಲ. ಕೆಂಡ ಇಲ್ಲಿ ಎಲ್ಲಿಂದ ಬರಬೇಕು, ಅದಕ್ಕೇ ಒಂದು ಹಿಡಿ ಊದುಬತ್ತಿಯನ್ನು ಒಟ್ಟಿಗೆ ಹಚ್ಚಿ ಬ್ರೆಡ್ಡಿನ ತುಂಡಿಗೆ ಚುಚ್ಚಿದಳು. ಸಾಸರಿನಲ್ಲಿ ನಾಲ್ಕು ಬಿಲ್ಲೆ ಕರ್ಪೂರ ಹಚ್ಚಿದಳು. ಹೊಗೆ ಎದ್ದು ಕೋಟಿನ ತೋಳನ್ನು ಸುತ್ತಿಕೊಂಡಿತು. ಆಮೇಲೆ ಎಲ್ಲರ ಮನೆಯಲ್ಲೂ ಮಾಡುವ ಹಾಗೆ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಬದುಕಿರುವವರು ನೋಡುತ್ತ ನಿಂತರೆ ಸತ್ತವರು ಉಣ್ಣುವುದಿಲ್ಲ. ಊರಲ್ಲಾದರೆ ಮನೆಮಂದಿಯೆಲ್ಲ ಜಗಲಿಯ ಮೇಲೆ ಕೂತು, ಮಾತು ಕಡಿಮೆ ಮಾಡಿ, ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯುತ್ತಾರೆ. ಇಲ್ಲಿ ಜಗಲಿಯಿಲ್ಲ. ಹಿತ್ತಾಳೆಯ ನಂಬರುಗಳಿರುವ ಬಾಗಿಲುಗಳ ಸಾಲು, ಕಾಲಿಗೆ ಮೆತ್ತನೆಯ ಕಾರ್ಪೆಟ್ಟು. ಅವಳು ತಲೆಯ ಮೇಲೆ ಸೆರಗು ಹೊದ್ದು ಗೋಡೆಗೆ ಒರಗಿ ನಿಂತಳು. ಈಗ ಕುಡಿಯುತ್ತಿರಬಹುದು ಎಂದುಕೊಂಡಳು. ಒಂದೂಕಾಲು ವರ್ಷದಿಂದ ಎದೆಯಲ್ಲಿ ಗಂಟು ಹಾಕಿಕೊಂಡಿದ್ದು ಒಂದಿಷ್ಟು ಸಡಿಲವಾದ ಹಾಗಾಯಿತು.

ಅಷ್ಟರಲ್ಲಿ ಗಂಟೆ ಹೊಡೆದುಕೊಳ್ಳಲು ಶುರುವಾಯಿತು. ಸೀಲಿಂಗಿನಿಂದ, ಗೋಡೆಯಿಂದ, ಎಲ್ಲ ಕಡೆಯಿಂದ, ಕಿವಿ ಹರಿಯುವಂಥ ಸದ್ದು. ಮೇಲಿನಿಂದ ಯಾರೋ ಮೈಕಿನಲ್ಲಿ ಮೂರು ಭಾಷೆಯಲ್ಲಿ ಏನೇನೋ ಹೇಳಿದರು. ಇದು ತನ್ನಿಂದಾದದ್ದು ಎಂದು ಅವಳಿಗೆ ಹೊಳೆಯಲೇ ಇಲ್ಲ. ಎಲ್ಲೋ ಅಡುಗೆಮನೆಯಲ್ಲಿ ಏನೋ ಆಗಿದೆ ಎಂದುಕೊಂಡಳು. ಇಬ್ಬರು ಓಡುತ್ತ ಬಂದು ತನ್ನ ಬಾಗಿಲಿಗೇ ನಿಂತಾಗ, ಒಬ್ಬನ ಕೈಯಲ್ಲಿ ಕೆಂಪು ಸಿಲಿಂಡರ್ ನೋಡಿದಾಗ, ಅವಳು ಮಾಡಿದ್ದು ಒಂದೇ: ಎರಡೂ ತೋಳು ಚಾಚಿ ಬಾಗಿಲಿಗೆ ಅಡ್ಡ ನಿಂತಳು. "ಈಗ ತಗೀಬಾರ್ದು ಕಣಪ್ಪ! ಉಣ್ತಾವ್ರೆ! ಒಂದ್ ಗಳಿಗೆ ನಿಂತ್ಕಳಿ!" ಅವರಿಗೆ ಅವಳ ಮಾತು ತಿಳಿಯಲಿಲ್ಲ, ಬಾಗಿಲ ಸಂದಿಯಿಂದ ಬರುತ್ತಿದ್ದ ಹೊಗೆ ತಿಳಿಯಿತು. ಒಳಗೆ ಯಾರೋ ಇದ್ದಾರೆ ಎಂದುಕೊಂಡರೋ ಏನೋ, ಒಬ್ಬ ಅವಳ ಎರಡೂ ಭುಜ ಹಿಡಿದು, ಒರಟಾಗಿ ಅಲ್ಲ, ಮೇಜು ಸರಿಸಿದ ಹಾಗೆ ಪಕ್ಕಕ್ಕೆ ಸರಿಸಿದ. ಇನ್ನೊಬ್ಬ ಕಾರ್ಡು ಉಜ್ಜಿ ಬಾಗಿಲು ತೆಗೆದ. ಅವಳು ಅವನ ಹಿಂದೆಯೇ ನುಗ್ಗಿದಳು. ಅವನು ಒಂದೇ ಸಲ ಎಲ್ಲವನ್ನೂ ನೋಡಿದ: ಎಲೆ, ಫೋಟೋ, ಕೋಟು, ಸಾಸರಿನಲ್ಲಿ ಉರಿ. ಸಿಲಿಂಡರಿನ ಅಗತ್ಯವಿಲ್ಲ ಎನಿಸಿರಬೇಕು. ಕೈಗೆ ಸಿಕ್ಕ ಆ ತುಂಬಿದ ಲೋಟವನ್ನೆತ್ತಿ ಕರ್ಪೂರದ ಮೇಲೆ, ಊದುಬತ್ತಿಯ ಮೇಲೆ ಸುರಿದುಬಿಟ್ಟ. ಚುಂಯ್ ಎಂದಿತು. ಅನ್ನದ ಮೇಲೆ ಬೂದಿ ನೀರು ಹರಿಯಿತು. ಅವಳ ಬಾಯಿಂದ ಬಂದ ಸದ್ದಿಗೆ ಅವನೇ ಬೆಚ್ಚಿ ಹಿಂದೆ ತಿರುಗಿದ, ಎಲ್ಲಿ ಸುಟ್ಟುಕೊಂಡಳೋ ಎಂದು.

ನೂರೈವತ್ತು ಜನ ಊಟದ ಅರ್ಧದಲ್ಲಿ ಎದ್ದು ಮೇಲಿನ ಡೆಕ್ಕಿಗೆ ಬಂದು ಗಾಳಿಯಲ್ಲಿ ನಿಂತಿದ್ದರು. ಕೆಲವರ ಕತ್ತಿನಲ್ಲಿ ಊಟದ ಬಟ್ಟೆ ಇನ್ನೂ ಹಾಗೇ ಇತ್ತು. ಒಬ್ಬ ಮುದುಕ ಐಸ್‌ಕ್ರೀಮಿನ ಬಟ್ಟಲನ್ನು ಕೈಯಲ್ಲೇ ಹಿಡಿದು ಬಂದು, ನಿಂತುಕೊಂಡೇ ತಿನ್ನುತ್ತಿದ್ದ. ಏನೂ ಅಪಾಯವಿಲ್ಲ, ಪ್ರಯಾಣಿಕರೊಬ್ಬರು ಏನೋ ಹಚ್ಚಿದ್ದರು ಎಂದು ಮೈಕಿನಲ್ಲಿ ಹೇಳಿದಾಗ ಎಲ್ಲ ಕಣ್ಣುಗಳೂ ತಲೆಯ ಮೇಲೆ ಸೆರಗು ಹೊದ್ದ ಒಬ್ಬಳೇ ಹೆಂಗಸಿನ ಕಡೆ ತಿರುಗಿದವು. ಬೇರೆ ಹೊತ್ತಾಗಿದ್ದರೆ ಅವಳು ನೆಲ ಬಿರಿದು ನುಂಗಬಾರದೇ ಎಂದುಕೊಳ್ಳುತ್ತಿದ್ದಳು. ಈಗ ಆ ಕಣ್ಣುಗಳು ಎಲ್ಲೋ ದೂರದಲ್ಲಿದ್ದವು. ರಂಗೇಶ್ ಹತ್ತಿರ ಬಂದು ಹಲ್ಲು ಕಚ್ಚಿ, "ಕಂಪನಿ ಮರ್ಯಾದೆ ಹರಾಜಾಯ್ತಲ್ಲಮ್ಮ. ಮುಂದಿನ ವರ್ಷ ನಮ್ ತಾಲ್ಲೂಕಿನವರು ಅಂದ್ರೆ ಹಡಗು ಹತ್ತಿಸ್ತಾರಾ?" ಎಂದ. ಹೇಳಿದ ಮೇಲೆ ಅವನಿಗೇ ಕೆಡುಕೆನಿಸಿತೇನೋ, ತನ್ನ ಜರ್ಕಿನ್ ಬಿಚ್ಚಿ ಅವಳ ಹೆಗಲಿಗೆ ಹಾಕಿ ಹೋದ.

ಹಡಗಿನ ಮ್ಯಾನೇಜರ್ ಅರವತ್ತರ ಹತ್ತಿರದ ಹೆಂಗಸು, ಕತ್ತಿಗೆ ಸಣ್ಣ ರೇಷ್ಮೆ ಬಟ್ಟೆ ಕಟ್ಟಿಕೊಂಡಿದ್ದಳು. ಕಾಗದವೊಂದನ್ನು ಮುಂದಿಟ್ಟು, ಬೆಂಕಿ ಹಚ್ಚುವುದು ಎಷ್ಟು ದೊಡ್ಡ ತಪ್ಪು ಎಂದು ಭುವನಾಳಿಗೆ ನಿಧಾನವಾಗಿ ವಿವರಿಸಿದಳು. ಭುವನಾ ಕನ್ನಡಕ್ಕೆ ತಂದಳು. ಲಕ್ಷ್ಮೀದೇವಿ ಸಹಿ ಹಾಕಿದಳು. ಆಮೇಲೆ ಮ್ಯಾನೇಜರ್ ಪೆನ್ನಿನ ಮುಚ್ಚಳ ಹಾಕುತ್ತ ಏನೋ ಕೇಳಿದಳು. "ಅದು ಯಾರ ಊಟ ಅಂತ ಕೇಳ್ತಿದಾರೆ ಅಕ್ಕ." ಭುವನಾ ತಾನೇ ಉತ್ತರ ಹೇಳಿದಳು, ಸ್ವಲ್ಪ ಉದ್ದಕ್ಕೇ ಹೇಳಿದಳು. ಆ ಹೆಂಗಸು ಕೇಳಿಸಿಕೊಂಡು, ಒಂದು ಕ್ಷಣ ಕಿಟಕಿಯ ಕಡೆ ನೋಡಿ, ಇನ್ನೊಂದು ಪ್ರಶ್ನೆ ಕೇಳಿದಳು. ಭುವನಾ ತಡವರಿಸಿದಳು. "ಅವರು ಬಂದಿದ್ರಾ ಅಂತ ಕೇಳ್ತಿದಾರೆ." ತಮಾಷೆಯಲ್ಲ, ಮುಖ ನೋಡಿದರೆ ಗೊತ್ತಾಗುತ್ತಿತ್ತು. "ಬಂದಿರ್ಬೇಕು," ಎಂದಳು ಲಕ್ಷ್ಮೀದೇವಿ. "ಬಾಗ್ಲು ತೆಗ್ದುಬುಟ್ರಲ್ಲ. ನೀರು ಬಾಯಿಗೆ ಸಿಗ್ಲಿಲ್ಲ. ಎರಡ್ನೇ ಸಲ." ಎರಡನೇ ಸಲ ಎನ್ನುವುದು ಭುವನಾಳಿಗೆ ಅರ್ಥವಾಗಲಿಲ್ಲ, ಅದೊಂದನ್ನು ಬಿಟ್ಟು ಮಿಕ್ಕಿದ್ದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಬೆಂಕಿಯಿಲ್ಲದೆ ಏನು ಬೇಕಾದರೂ ಮತ್ತೆ ಇಡಿ, ಹೊಸ ತಟ್ಟೆ ಕಳಿಸುತ್ತೇನೆ ಎಂದಳು ಮ್ಯಾನೇಜರ್. ಲಕ್ಷ್ಮೀದೇವಿ ಬೇಡವೆಂದು ಕೈ ಮುಗಿದಳು. ಒಮ್ಮೆ ಎಬ್ಬಿಸಿದವರನ್ನು ಅದೇ ದಿನ ಮತ್ತೆ ಕರೆಯುವ ಹಾಗಿಲ್ಲ.

ಹಿಂಭಾಗದ ಡೆಕ್ಕಿನಲ್ಲಿ ಯಾರೂ ಇರಲಿಲ್ಲ. ಹಡಗು ಒಂದು ದೊಡ್ಡ ಗೇಟಿನೊಳಗೆ ನಿಂತಿತ್ತು. ಎರಡೂ ಕಡೆ ಒದ್ದೆ ಗೋಡೆ, ನೀರನ್ನು ತೂಬಿನ ಹಾಗೆ ಕೆಳಗೆ ಬಿಟ್ಟಂತೆಲ್ಲ ಹಡಗು ಇಳಿಯುತ್ತ, ಗೋಡೆ ಮೇಲೇರುತ್ತ ಹೋಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂತು ಯೋಚಿಸಿದಳು. ಯೋಚಿಸಿದಳು ಎನ್ನುವುದಕ್ಕಿಂತ ಒಂದು ಮಾತು ತಾನಾಗಿ ಮೇಲೆ ಬಂತು: ಅವನಿಗೆ ಹೇಳಲಾಗದಿದ್ದರೆ, ಹೆತ್ತವಳಿಗಾದರೂ ಹೇಳಬೇಕು. ಹೇಳಿದರೆ ಮುದುಕಿ ಏನು ಮಾಡುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಮಣ್ಣು ತೂರಿ ಶಾಪ ಹಾಕುತ್ತಾಳೆ. ಇನ್ನು ಆ ಮನೆಯಲ್ಲಿ ಅನ್ನ ನೀರು ಹುಟ್ಟುವುದಿಲ್ಲ, ಶಿರಾದ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬಳೇ ಇರಬೇಕಾಗುತ್ತದೆ. ಆದರೂ ಫೋನಿನಲ್ಲಿ ವಿಡಿಯೋ ಕಾಲ್ ಒತ್ತಿದಳು. ಮೈದುನನ ಮಗಳು ಸಹನಾ ಎತ್ತಿದಳು. ಊರಲ್ಲಿ ಆರು ಗಂಟೆಯ ಬಿಸಿಲು, ಮನೆಯವರೆಲ್ಲ ಜಗಲಿಯ ಮೇಲೆ. "ಈಗಷ್ಟೇ ಎಡೆ ಇಟ್ಟು ಬಾಗ್ಲು ಹಾಕುದ್ವಿ ದೊಡ್ಡಮ್ಮ." "ಫೋನು ಅಜ್ಜಿ ಕೈಗೆ ಕೊಟ್ಟು ನೀವೆಲ್ಲ ಒಂಚೂರು ಬೇವಿನ ಮರದ್ ತಾವ ಹೋಗ್ರವ್ವ, ಅಜ್ಜಿ ಹತ್ರ ಮಾತಾಡ್ಬೇಕು." ಹನುಮಕ್ಕ ಫೋನನ್ನು ಕಿವಿಗೆ ಒತ್ತಿಕೊಂಡಿದ್ದರಿಂದ ಲಕ್ಷ್ಮೀದೇವಿಗೆ ಕಂಡಿದ್ದು ಒಂದು ದೊಡ್ಡ ಕಿವಿ, ಹರಿದು ಜೋತ ಓಲೆಯ ತೂತು, ಅದರಾಚೆ ಮಾಡಿನ ಹೆಂಚು.

"ಹೆಂಗಿದೀಯಮ್ಮ? ಊಟಗೀಟ ಸೇರ್ತೈತಾ?"

"ಅತ್ತೆ, ಒಂದ್ ಮಾತು ಹೇಳ್ತೀನಿ. ಬೈದ್ರೂ ಬೈಸ್ಕತೀನಿ. ಅವತ್ತು ನಾನು ಬಾಯಿಗೆ ನೀರು ಬುಡ್ಲಿಲ್ಲ. ಕಾರಲ್ಲಿ ಬಾಟ್ಲಿ ಇತ್ತು. ಬಾಯ್ಬುಟ್ಟು ಕೇಳುದ್ರು. ನಾನು ಕೊಡ್ಲಿಲ್ಲ. ನಿಮ್ಗೆ ಸುಳ್ಳು ಹೇಳ್ದೆ."

ಕಿವಿ ಅಲುಗಲಿಲ್ಲ. ಆ ಕಡೆ ಎಲ್ಲೋ ಒಂದು ಎಮ್ಮೆ ಕೂಗಿತು. ಹಡಗು ಇನ್ನೊಂದು ಆಳೆತ್ತರ ಇಳಿಯಿತು. ಲೈನು ಕಟ್ಟಾಯಿತೇನೋ ಎಂದು ಅವಳು, "ಅತ್ತೆ?" ಎಂದಳು.

"ನಾನ್ ಕೊಟ್ಟಿದ್ದೆ ಕಣಮ್ಮ," ಎಂದಳು ಹನುಮಕ್ಕ.

"ಏನು?"

"ನೀರ. ಅವತ್ತು ಕೋಳಿ ಕೂಗೋ ಹೊತ್ನಾಗೆ. ನೀನು ದಣ್ದು ಮಲಗಿದ್ದೆ. ನನ್ ಮಂಚದ್ ತಾವ ಬಂದು ಕುಕ್ಕರುಗಾಲಲ್ಲಿ ಕೂತ್ಕಂಡ. ಅವ್ವಾ, ಗಂಟ್ಲು ಒಣಗ್ತೈತೆ ಕಣವ್ವಾ, ಅಂದ. ಹೊಟ್ಟೆ ಉರುದೋಯ್ತು. ಒಂದ್ ಚೊಂಬು ಕೊಟ್ಟೆ. ಇನ್ನಾ ಅಂದ. ಇನ್ನೂ ಅರ್ಧ ಕೊಟ್ಟೆ." ಮುದುಕಿ ಉಸಿರೆಳೆದುಕೊಂಡಳು. "ಅದೊಂದಿನ ಅಲ್ಲ. ಅದರ್ ಹಿಂದ್ಲ ನಾಕೈದು ದಿನಾನೂ ಕೊಟ್ಟಿದ್ದೆ. ನಿನ್ ಕಣ್ಣು ತಪ್ಪಿಸಿ. ಅವತ್ತು ಹೆಣ ಮುಂದಿಕ್ಕಂಡು ನಿನ್ನ ಕೇಳ್ದೆ ನೋಡು, ನೀರು ಬುಟ್ಟಾ ಅಂತ. ನನ್ ಬಂಡವಾಳ ನಿಂಗೆ ಗೊತ್ತಾಯ್ತೋ ಏನೋ ಅಂತ ಮಕ ನೋಡಾಕೆ ಕೇಳ್ದೆ ಕಣಮ್ಮ."

ಆ ದಿನ ತುಮಕೂರಿನ ಆಸ್ಪತ್ರೆಯಲ್ಲಿ, ಎಲ್ಲ ಮುಗಿದ ಮೇಲೆ, ಕಣ್ಣು ಕೆಂಪಗಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, "ಎದೆಗೆಲ್ಲ ನೀರು ತುಂಬಿಕೊಂಡಿದೆ, ಎಷ್ಟು ಕುಡಿಸಿದ್ದೀರಮ್ಮ?" ಎಂದು ಗದರಿದ್ದ. ಅವಳು ತಾಳಿ ಮುಟ್ಟಿ ಆಣೆ ಮಾಡಿದ್ದಳು. ಅವನು ನಂಬಿರಲಿಲ್ಲ. ಆ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ, ಮೈದುನನಿಗೂ ಹೇಳಿರಲಿಲ್ಲ. ಒಂದೂಕಾಲು ವರ್ಷ ಆ ಲೆಕ್ಕವನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು, ಸಾರು ಹೆಚ್ಚಾಯಿತೋ, ಕಲ್ಲಂಗಡಿ ಹಣ್ಣಿನ ಆ ಒಂದು ಹೋಳೋ, ಎಲ್ಲಿ ತಪ್ಪಿದೆ ಎಂದು. ಈಗ ಎದೆಯೊಳಗಿಂದ ಸಿಟ್ಟು ಕುದ್ದು ಮೇಲೆ ಬಂತು. ತಾನು ಬೀಗ ಹಾಕಿ, ಕೈ ಮೇಲೆ ಹೊಡೆದು, ಕೆಟ್ಟವಳಾಗಿ, ಹನಿ ಹನಿ ಅಳೆದು ಕಾದ ಜೀವ. ಇವಳು ಚೊಂಬು ಎತ್ತಿ ಕೊಟ್ಟಳು. ನೀವೇ ಕಣತ್ತೆ, ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಆ ಕಡೆ ಕಿವಿ ನಡುಗುತ್ತಿತ್ತು. ಎಂಬತ್ತು ದಾಟಿದ ಮುದುಕಿ ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಿದ್ದಳು.

"ನೀನ್ ಡಾಕ್ಟ್ರತ್ರ ಓಡಾಡ್ದೋಳು, ನೀನೇ ಹೇಳಮ್ಮ. ಆ ನೀರಿಂದ್ಲೇ ಹೋದ್ನಾ? ನನ್ ಕೈಯಾರೆ ನಾನೇ ಕಳ್ಕಂಡ್ನಾ ನನ್ ಮಗನ್ನ?"

ಲಕ್ಷ್ಮೀದೇವಿಗೆ ಕಾಣುತ್ತಿದ್ದುದು ಕತ್ತಲಲ್ಲಿ ತಾಯಿಯ ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತ ಅವನು, ಎರಡೂ ಕೈಯಲ್ಲಿ ಚೊಂಬು, ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಕುಡಿಯುತ್ತಿರುವುದು.

"ಪೂರಾ ಕುಡುದ್ರಾ ಅತ್ತೆ?"

"ಒಂದ್ ತೊಟ್ಟೂ ಬುಡ್ಲಿಲ್ಲ."

"ಕುಡುದು ಏನಂದ್ರು?"

"ಏನೂ ಅನ್ಲಿಲ್ಲ. ನನ್ ಸೆರಗಲ್ಲೇ ಬಾಯಿ ಒರುಸ್ಕಂಡ. ನಕ್ಕ. ಅವಳ್ಗೆ ಹೇಳ್ಬ್ಯಾಡ, ನೊಂದ್ಕತಾಳೆ ಅಂದ."

ಹಡಗಿನ ಮುಂದೆ ಗೇಟು ತೆರೆಯುವ ಸದ್ದಾಯಿತು. ಅವಳು ಕಣ್ಣು ಮೂಗು ಒರೆಸಿಕೊಂಡಳು, ರಂಗೇಶನ ಜರ್ಕಿನ್ನಿನ ತೋಳಿಗೇ.

"ನೀರಿಂದ ಅಲ್ಲ ಅತ್ತೆ," ಎಂದಳು. "ಹಾರ್ಟು ನಿಂತೋಗಿತ್ತು. ಡಾಕ್ಟ್ರೇ ನನ್ ಕರ್ದು ಹೇಳುದ್ರು."

"ನಿಜವಾ?"

"ನಿಜ. ಹೋಗಿ ಬಾಗ್ಲು ತಗೀರಿ ಈಗ. ಉಂಡಿರ್ತಾರೆ."